ಪೋಕರ್ ಲೆಕ್ಕ: 35 ಯಾವಾಗ, 19 ಯಾವಾಗ

ಟೆಕ್ಸಾಸ್ ಹೋಲ್ಡೆಮ್ (ಕೈಯಲ್ಲಿನ ಎರಡು ಎಲೆ ಮತ್ತು ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳಿಂದ ಒಳ್ಳೆಯ ಐದನ್ನು ಆರಿಸುವ ಪೋಕರ್) ಆಡುವ ಯಾರನ್ನಾದರೂ ಕೇಳಿ: ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) ಬಿದ್ದ ಮೇಲೆ ಫ್ಲಶ್‌ಗೆ (ಒಂದೇ ಗುರುತಿನ ಐದು ಎಲೆಗೆ) ಇನ್ನೊಂದೇ ಎಲೆ ಬೇಕಿದ್ದರೆ ಅದು ಬರುವ ಸಾಧ್ಯತೆ ಎಷ್ಟು? "35 ಪರ್ಸೆಂಟ್" ಎಂದು ತಟ್ಟನೆ ಹೇಳುತ್ತಾರೆ. ಉತ್ತರ ಸರಿಯಾಗಿಯೇ ಇದೆ. ಆದರೆ ಆ 35ನ್ನು ನೆಚ್ಚಿಕೊಂಡು ಚಿಪ್ಸ್ ಮುಂದೆ ತಳ್ಳುವವರಲ್ಲಿ ಬಹಳ ಮಂದಿ ಅದನ್ನು ಬಳಸಬಾರದ ಜಾಗದಲ್ಲಿ ಬಳಸುತ್ತಾರೆ. ಪೋಕರ್‌ನ ಸಂಭವನೀಯತೆ ಹೈಸ್ಕೂಲ್ ಗಣಿತಕ್ಕಿಂತ ಕಷ್ಟದ್ದಲ್ಲ. ಯಾವ ಅಂಕಿಯನ್ನು ಯಾವ ಬೆಲೆಯ ಎದುರು ಇಟ್ಟು ನೋಡಬೇಕು ಎನ್ನುವುದರಲ್ಲೇ ಎಲ್ಲರೂ ಎಡವುವುದು.

ಮೂರೆಲೆ ಆಡಿ ಬೆಳೆದವರಿಗೆ ಮೊದಲೇ ಒಂದು ಮಾತು. ಅಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು. ಪೋಕರ್‌ನಲ್ಲಿ ಇದು ಉಲ್ಟಾ, ಫ್ಲಶ್ ಎದುರು ಸ್ಟ್ರೈಟ್ (ಸಾಲಾಗಿ ಬರುವ ಐದು ಅಂಕಿ) ಸೋಲುತ್ತದೆ. ಮನಬಂದಂತೆ ಮಾಡಿದ ನಿಯಮವಲ್ಲ ಇದು. ಮೂರು ಎಲೆಗಳಿಂದ ಆಗಬಹುದಾದ 22,100 ಕೈಗಳಲ್ಲಿ ಕಲರ್ 1,096, ಸೀಕ್ವೆನ್ಸ್ 720. ಐದು ಎಲೆಗಳ 25,98,960 ಕೈಗಳಲ್ಲಿ ಫ್ಲಶ್ 5,108, ಸ್ಟ್ರೈಟ್ 10,200. ಅಪರೂಪದ್ದು ಗೆಲ್ಲಬೇಕು, ಅಷ್ಟೇ. (ಮೂರೆಲೆ ಈ ನೀತಿಯನ್ನು ತುದಿತನಕ ಪಾಲಿಸುವುದಿಲ್ಲ. ಪ್ಯೂರ್ ಸೀಕ್ವೆನ್ಸ್ 48 ಬಗೆಯಲ್ಲಿ ಆಗುತ್ತದೆ, ಒಂದೇ ಅಂಕಿಯ ಮೂರು ಎಲೆ 52 ಬಗೆಯಲ್ಲಿ. ಆದರೂ ಗೆಲ್ಲುವುದು ಎರಡನೆಯದೇ.)

ಔಟ್ಸ್ ಎಣಿಸುವುದು

ನಿಮ್ಮ ಕೈಯನ್ನು ಗೆಲ್ಲುವ ಕೈ ಮಾಡಬಲ್ಲ, ಇನ್ನೂ ಕಾಣದ ಎಲೆಗಳೇ ಔಟ್ಸ್. ನಿಮ್ಮ ಕೈಯಲ್ಲಿ ಎರಡು ಹಾರ್ಟ್ಸ್, ಫ್ಲಾಪ್‌ನಲ್ಲಿ ಎರಡು ಹಾರ್ಟ್ಸ್ ಎಂದಿಟ್ಟುಕೊಳ್ಳಿ. ಕಟ್ಟಿನಲ್ಲಿ 13 ಹಾರ್ಟ್ಸ್. ನಾಲ್ಕು ಕಂಡಿವೆ, ಒಂಬತ್ತು ಉಳಿದಿವೆ. ನಿಮಗೆ ಕಂಡ ಎಲೆ ಒಟ್ಟು ಐದು, ಕಾಣದವು 47. ಟರ್ನ್‌ನಲ್ಲಿ (ಮೇಜಿನ ನಾಲ್ಕನೇ ಎಲೆ) ಹಾರ್ಟ್ಸ್ ಬರುವ ಸಾಧ್ಯತೆ 9/47, ಅಂದರೆ 19.1%. ಟರ್ನ್ ಕೈಕೊಟ್ಟರೆ ರಿವರ್‌ನಲ್ಲಿ (ಐದನೇ, ಕೊನೆಯ ಎಲೆ) 9/46, 19.6%. ಎರಡರಲ್ಲಿ ಒಂದರಲ್ಲಾದರೂ ಬರಲಿ ಎಂದರೆ ಎರಡರಲ್ಲೂ ಬಾರದಿರುವುದನ್ನು ಮೊದಲು ಲೆಕ್ಕ ಹಾಕಿ 1ರಿಂದ ಕಳೆಯಬೇಕು: 38/47 ಗುಣಿಸು 37/46 ಎಂದರೆ 65%, ಹಾಗಾಗಿ ಉಳಿದದ್ದು 35%. 19.1ಕ್ಕೆ 19.6 ನೇರವಾಗಿ ಕೂಡಿಸಿದರೆ 38.7 ಬರುತ್ತದೆ. ಅದು ತಪ್ಪು. 19.6 ಎನ್ನುವುದು ಟರ್ನ್ ಕೈಕೊಟ್ಟಾಗ ಮಾತ್ರ ಸಲ್ಲುವ ಅಂಕಿ, ನೇರವಾಗಿ ಕೂಡಿಸಿದರೆ ಟರ್ನ್‌ನಲ್ಲೇ ಹಾರ್ಟ್ಸ್ ಬಂದ ಸಂದರ್ಭಕ್ಕೂ ಅದು ಸೇರಿಕೊಳ್ಳುತ್ತದೆ.

ಇಲ್ಲಿ ಹೊಸಬರಿಗೆ ಬರುವ ಅನುಮಾನ ಒಂದಿದೆ: ಆ ಒಂಬತ್ತರಲ್ಲಿ ಕೆಲವು ಆಗಲೇ ಬೇರೆಯವರ ಕೈಗೆ ಹೋಗಿರಬಹುದಲ್ಲ? ಹೋಗಿರಬಹುದು. ಹಾಗೆಯೇ ಹಾರ್ಟ್ಸ್ ಅಲ್ಲದ 38 ಎಲೆಗಳಲ್ಲೂ ಕೆಲವು ಹೋಗಿರುತ್ತವೆ. ಯಾವುದು ಹೋಯಿತೆಂದು ನಿಮಗೆ ಗೊತ್ತಿಲ್ಲದ ತನಕ ಕಟ್ಟಿನಲ್ಲಿರುವ ಎಲೆಗೂ ಎದುರಾಳಿಯ ಕೈಯಲ್ಲಿರುವ ಎಲೆಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಯಾರಾದರೂ ಫೋಲ್ಡ್ ಮಾಡುವಾಗ (ಆ ಕೈಯನ್ನು ಬಿಟ್ಟುಕೊಡುವಾಗ) ಎಲೆ ತಿರುಗಿ ಕಾಣಿಸಿಬಿಟ್ಟರೆ ಮಾತ್ರ 47ನ್ನು 46 ಮಾಡಿ, ಕಂಡದ್ದು ಹಾರ್ಟ್ಸ್ ಆಗಿದ್ದರೆ 9ನ್ನು 8 ಮಾಡಿ.

ಮೇಜಿನಲ್ಲಿ ಕುಳಿತು ಭಾಗಾಕಾರ ಮಾಡಲಾಗದು. ಅದಕ್ಕೆ ಸುಲಭದ ಸೂತ್ರ: ಒಂದು ಎಲೆ ಬರುವುದಿದ್ದರೆ ಔಟ್ಸ್ ಗುಣಿಸು 2, ಎರಡು ಎಲೆ ಬರುವುದಿದ್ದರೆ ಗುಣಿಸು 4. ನಿಜವಾದ ಅಂಕಿಗಳ ಜತೆ ಇಟ್ಟು ನೋಡಿ (ಮೊದಲನೆಯದು ಟರ್ನ್ ಒಂದಕ್ಕೆ, ಎರಡನೆಯದು ಟರ್ನ್ ಮತ್ತು ರಿವರ್ ಸೇರಿ):

ನಡುವೆ ಒಂದು ಎಲೆ ತಪ್ಪಿದ ಸ್ಟ್ರೈಟ್, 4 ಔಟ್ಸ್: 8.5%, 16.5%
ಫ್ಲಾಪ್‌ಗಿಂತ ದೊಡ್ಡ ಎರಡು ಎಲೆ, 6 ಔಟ್ಸ್: 12.8%, 24.1%
ಎರಡೂ ತುದಿ ತೆರೆದ ಸ್ಟ್ರೈಟ್, 8 ಔಟ್ಸ್: 17.0%, 31.5%
ಫ್ಲಶ್, 9 ಔಟ್ಸ್: 19.1%, 35.0%
ಫ್ಲಶ್ ಜತೆ ನಡು ತಪ್ಪಿದ ಸ್ಟ್ರೈಟ್, 12 ಔಟ್ಸ್: 25.5%, 45.0%
ಫ್ಲಶ್ ಜತೆ ತುದಿ ತೆರೆದ ಸ್ಟ್ರೈಟ್, 15 ಔಟ್ಸ್: 31.9%, 54.1%

ಎಂಟು ಔಟ್ಸ್ ತನಕ ನಾಲ್ಕರ ಸೂತ್ರ ಚೆನ್ನಾಗಿ ಹೊಂದುತ್ತದೆ. ಆಮೇಲೆ ಹೆಚ್ಚು ಹೇಳತೊಡಗುತ್ತದೆ: 15 ಗುಣಿಸು 4 ಎಂದರೆ 60, ನಿಜ 54. ಎಂಟಕ್ಕಿಂತ ಎಷ್ಟು ಔಟ್ಸ್ ಹೆಚ್ಚಿದೆಯೋ ಅಷ್ಟನ್ನು ಕಳೆದರೆ ಸರಿಹೋಗುತ್ತದೆ, 60 ಕಳೆ 7, 53. ಕೊನೆಯ ಸಾಲಿನಲ್ಲಿ 9 ಕೂಡಿಸು 8 ಎಂದು 17 ಹೇಳದೆ 15 ಹೇಳಿದ್ದೇಕೆಂದರೆ, ಸ್ಟ್ರೈಟ್ ಮಾಡುವ ಎಂಟು ಎಲೆಗಳಲ್ಲಿ ಎರಡು ಹಾರ್ಟ್ಸ್ ಆಗಿಯೇ ಇರುತ್ತವೆ, ಆಗಲೇ ಎಣಿಸಿ ಆಗಿದೆ.

ಬೆಲೆ

ಇನ್ನು ಪಾಟ್ ಆಡ್ಸ್, ಅಂದರೆ ಮೇಜಿನ ನಡುವೆ ಸೇರಿದ ದುಡ್ಡಿನ (ಪಾಟ್) ಎದುರು ನೀವು ಕೊಡಬೇಕಾದ ಬೆಲೆ. ಪಾಟ್‌ನಲ್ಲಿ 600 ಇದೆ, ಎದುರಾಳಿ 300 ಬೆಟ್ ಕಟ್ಟಿದ. ನೀವು 300 ಹಾಕಿದರೆ ಒಟ್ಟು ಪಾಟ್ 1,200. ನಿಮ್ಮ ಪಾಲು 300/1200, ಅಂದರೆ 25%. ನೂರಕ್ಕೆ 25 ಸಲಕ್ಕಿಂತ ಹೆಚ್ಚು ಗೆಲ್ಲುವಂತಿದ್ದರೆ ಕಾಲ್ (ಅವನಷ್ಟೇ ಹಾಕಿ ಮುಂದುವರಿಯುವುದು) ಲಾಭ, ಕಡಿಮೆಯಾದರೆ ನಷ್ಟ. ಸಾಮಾನ್ಯ ತಪ್ಪು 300ನ್ನು 900ರಿಂದ ಭಾಗಿಸಿ 33% ಎನ್ನುವುದು. ನಿಮ್ಮ 300 ಕೂಡ ಪಾಟ್‌ಗೆ ಸೇರುತ್ತದೆ, ಗೆದ್ದರೆ ಅದೂ ವಾಪಸ್ಸು ಬರುತ್ತದೆ ಎನ್ನುವುದನ್ನು ಮರೆಯಬಾರದು.

ಆಟದಲ್ಲಿ ಮತ್ತೆ ಮತ್ತೆ ಬರುವ ಬೆಟ್‌ಗಳು ಐದಾರೇ, ಬಾಯಿಪಾಠ ಮಾಡಿಬಿಡಿ. ಪಾಟ್‌ನ ಮೂರನೇ ಒಂದು ಭಾಗದ ಬೆಟ್‌ಗೆ 20% ಬೇಕು, ಅರ್ಧ ಪಾಟ್‌ಗೆ 25%, ಮೂರನೇ ಎರಡಕ್ಕೆ 29%, ಮುಕ್ಕಾಲಿಗೆ 30%, ಪೂರ್ತಿ ಪಾಟ್‌ಗೆ 33%, ಪಾಟ್‌ನ ಎರಡರಷ್ಟಕ್ಕೆ 40%. ಬೆಟ್ ಎಷ್ಟೇ ಬೆಳೆದರೂ 50% ಮುಟ್ಟುವುದಿಲ್ಲ.

ಈಗ ಎರಡನ್ನೂ ಒಂದೇ ಕೈಯಲ್ಲಿ ನೋಡೋಣ. ನಿಮಗೆ ಹಾರ್ಟ್ಸ್ ಎಕ್ಕ ಮತ್ತು ಹಾರ್ಟ್ಸ್ ಏಳು. ಫ್ಲಾಪ್‌ನಲ್ಲಿ ಹಾರ್ಟ್ಸ್ ರಾಜ, ಹಾರ್ಟ್ಸ್ ಒಂಬತ್ತು, ಕ್ಲಬ್ಸ್ ನಾಲ್ಕು. ಪಾಟ್ 600, ಬೆಟ್ 300. ಬೇಕಾದದ್ದು 25%, ನಿಮ್ಮ ಹತ್ತಿರ 35%. ಕಾಲ್ ಮಾಡಬೇಕೇ?

ಎದುರಾಳಿಯ ಬಳಿ ಇದ್ದದ್ದೇ ಆ 300, ಅವನು ಆಲ್‌ಇನ್ ಆಗಿದ್ದಾನೆ ಎಂದಾದರೆ ಯೋಚಿಸಬೇಕಾಗಿಯೇ ಇಲ್ಲ. 300 ಕೊಟ್ಟರೆ ಎರಡೂ ಎಲೆ ನೋಡಬಹುದು, 35% ನಿಮ್ಮದೇ. ಆದರೆ ಅವನ ಮುಂದೆ ಇನ್ನೂ ಸಾವಿರಾರು ಚಿಪ್ಸ್ ಇದ್ದರೆ ಈ 300 ಟರ್ನ್ ಒಂದಕ್ಕೆ ಮಾತ್ರ ಕೊಟ್ಟ ಬೆಲೆ. ರಿವರ್ ನೋಡಲು ಅವನು ಮತ್ತೆ ದುಡ್ಡು ಕೇಳುತ್ತಾನೆ. ಟರ್ನ್‌ನಲ್ಲಿ ಹಾರ್ಟ್ಸ್ ಬರಲಿಲ್ಲ, ಪಾಟ್ 1,200, ಅವನು 800 ಕಟ್ಟಿದ ಎನ್ನಿ. ಈಗ ಬೇಕಾದದ್ದು 800/2800, 28.6%. ಇರುವುದು 19.6%. ಫೋಲ್ಡ್ ಮಾಡಬೇಕಾಗುತ್ತದೆ, ಮೊದಲು ಲೆಕ್ಕಕ್ಕೆ ಹಿಡಿದ 35ರಲ್ಲಿ ಹತ್ತಿರ ಹತ್ತಿರ ಅರ್ಧ ಆವಿಯಾಯಿತು. ಫ್ಲಾಪ್‌ನಲ್ಲಿ ಹೋಲಿಸಬೇಕಾಗಿದ್ದದ್ದು 25ರ ಎದುರು 19.1ನ್ನು.

ಬರೀ ಒಂಬತ್ತು ಔಟ್ಸ್‌ಗೆ ಒಂದು ಎಲೆಯ ಲೆಕ್ಕದಲ್ಲಿ ಸರಿಹೋಗುವ ಬೆಟ್ ಪಾಟ್‌ನ ಸುಮಾರು 31% ಮಾತ್ರ. ಅದಕ್ಕಿಂತ ದೊಡ್ಡ ಯಾವ ಬೆಟ್‌ಗೂ, ಮೂರನೇ ಒಂದು ಪಾಟ್‌ಗೂ ಕೂಡ, ಫ್ಲಶ್ ಡ್ರಾ (ಇನ್ನೊಂದು ಎಲೆ ಬರಬೇಕಾದ ಫ್ಲಶ್) ಒಂದನ್ನೇ ನೆಚ್ಚಿ ಕಾಲ್ ಮಾಡಿದರೆ ನೇರ ಬೆಲೆ ಸಿಗುವುದಿಲ್ಲ. ಹಾಗಾದರೆ ಅನುಭವಿಗಳೂ ಅರ್ಧ ಪಾಟ್‌ಗೆ ಕಾಲ್ ಮಾಡುತ್ತಾರಲ್ಲ? ಮಾಡುತ್ತಾರೆ, ಕಾರಣ ಮುಂದೆ ಸಿಗುವ ದುಡ್ಡು.

ಮುಂದೆ ಸಿಗುವುದು, ಮುಂದೆ ಹೋಗುವುದು

ಮುಂದೆ ಸಿಗುವ ಈ ದುಡ್ಡನ್ನೂ ಸೇರಿಸಿದ ಲೆಕ್ಕಕ್ಕೆ ಇಂಪ್ಲೈಡ್ ಆಡ್ಸ್ ಎನ್ನುತ್ತಾರೆ. ಆ ಹೆಸರಿನಲ್ಲಿ ಏನೇನೋ ಸಮರ್ಥನೆ ನಡೆಯುತ್ತದೆ, ಅದಕ್ಕೆ ಅಂಕಿ ಹಾಕುವುದು ಒಳ್ಳೆಯದು. ಟರ್ನ್‌ನಲ್ಲಿ ಬಾರದ ಎಲೆ 38, ಬರುವುದು 9, ಅನುಪಾತ 4.22ಕ್ಕೆ 1. 300 ಹಾಕಿದ್ದಕ್ಕೆ ಸರಿಸಮ ಆಗಬೇಕಾದರೆ ಎಲೆ ಬಂದಾಗ 300 ಗುಣಿಸು 4.22, ಸುಮಾರು 1,267 ಗೆಲ್ಲಬೇಕು. ಪಾಟ್‌ನಲ್ಲಿ ಕಾಣುತ್ತಿರುವುದು 900. ಉಳಿದ 367 ಮುಂದಿನ ಬೆಟ್‌ಗಳಲ್ಲಿ ಬರಬೇಕು, ಅದೂ ಸರಾಸರಿಯಲ್ಲಿ. ಮೂರನೇ ಹಾರ್ಟ್ಸ್ ಬಿದ್ದ ಕೂಡಲೇ ಅರ್ಧದಷ್ಟು ಸಲ ಅವನು ಹೆದರಿ ಎಲೆ ಬಿಸಾಡುತ್ತಾನೆ ಎಂದರೆ, ಉಳಿದ ಅರ್ಧದಲ್ಲಿ 735ರ ಆಸುಪಾಸು ಕೊಡಬೇಕು. ಅವನ ಮುಂದೆ ಅಷ್ಟು ಚಿಪ್ಸ್ ಇದೆಯೇ ನೋಡಿ. 400 ಮಾತ್ರ ಉಳಿದಿದ್ದರೆ ಆ ಅರ್ಧದಲ್ಲಿ ಪೂರ್ತಿ 400 ಬಂದರೂ ಸಾಲುವುದಿಲ್ಲ. ಕಾಲ್ ಮಾಡುವ ಮೊದಲು ಎದುರಿನ ಚಿಪ್ಸ್ ಎಣಿಸದೆ "ಇಂಪ್ಲೈಡ್ ಆಡ್ಸ್ ಇದೆ" ಎನ್ನುವುದು ಬರೀ ಆಸೆ.

ಇದರ ಇನ್ನೊಂದು ಮುಖ ಹೆಚ್ಚು ದುಬಾರಿ. ಹಾರ್ಟ್ಸ್ ಎಕ್ಕದ ಬದಲು ನಿಮ್ಮ ಕೈಯಲ್ಲಿ ಹಾರ್ಟ್ಸ್ ಆರು ಮತ್ತು ಐದು ಇದ್ದಿದ್ದರೆ ಔಟ್ಸ್ ಅವೇ ಒಂಬತ್ತು, ಅಂಕಿಯೂ 19.1. ಆದರೆ ಫ್ಲಶ್ ಬಂದ ಮೇಲೆ ದೊಡ್ಡ ಬೆಟ್‌ಗಳನ್ನು ಕಾಲ್ ಮಾಡುವವನ ಕೈಯಲ್ಲಿ ನಿಮ್ಮದಕ್ಕಿಂತ ದೊಡ್ಡ ಫ್ಲಶ್ ಇರುವ ಸಾಧ್ಯತೆ ಸಣ್ಣದಲ್ಲ. ಗೆದ್ದಾಗ ಸಣ್ಣ ಪಾಟ್, ಸೋತಾಗ ದೊಡ್ಡ ಪಾಟ್. ಚಿಪ್ಸ್ ರಾಶಿ ದೊಡ್ಡದಿದ್ದಷ್ಟೂ ಎಕ್ಕದ ಡ್ರಾಗೆ ಒಳ್ಳೆಯದು, ಸಣ್ಣ ಡ್ರಾಗೆ ಕೆಟ್ಟದು.

ಒಂದೇ ಕೈ, ಮೂರು ಬೆಲೆ

ಔಟ್ಸ್‌ನ ಸಂಖ್ಯೆ ಎದುರಾಳಿಯ ಕೈಯನ್ನು ಅವಲಂಬಿಸುತ್ತದೆ. ಅದೇ ಎಕ್ಕ-ಏಳನ್ನು ಅದೇ ಫ್ಲಾಪ್‌ನಲ್ಲಿ ಇಟ್ಟು, ರಿವರ್ ತನಕ ಬರಬಹುದಾದ 990 ಜೋಡಿ ಎಲೆಗಳನ್ನೂ ಎಣಿಸಿದರೆ ಏನಾಗುತ್ತದೆ ನೋಡಿ. ಎದುರಾಳಿಯ ಬಳಿ ಹಾರ್ಟ್ಸ್ ಇಲ್ಲ ಎಂದು ಹಿಡಿದಿದ್ದೇನೆ.

ಅವನದು ರಾಜ-ರಾಣಿ ಆಗಿದ್ದರೆ ನಿಮ್ಮ ಒಂಬತ್ತು ಹಾರ್ಟ್ಸ್ ಜತೆಗೆ ಮೂರು ಎಕ್ಕಗಳೂ ಔಟ್ಸ್. ಗೆಲುವು 45%. ಅವನದು ಎಕ್ಕ-ರಾಜ ಆದರೆ ಎಕ್ಕ ಬಂದರೆ ಅವನಿಗೆ ಎರಡು ಜೋಡಿ, ನಿಮಗೆ ಒಂದೇ; ಗೆಲುವು 36%. ಅವನು ಎರಡು ಒಂಬತ್ತು ಹಿಡಿದು ಸೆಟ್ (ಒಂದೇ ಅಂಕಿಯ ಮೂರು ಎಲೆ) ಮಾಡಿಕೊಂಡಿದ್ದರೆ ಎಕ್ಕಗಳಂತೂ ಇಲ್ಲವೇ ಇಲ್ಲ, ಹಾರ್ಟ್ಸ್ ನಾಲ್ಕು ಬಂದರೆ ನಿಮಗೆ ಫ್ಲಶ್ ಆಗುವ ಹೊತ್ತಿಗೇ ಬೋರ್ಡ್ (ಮೇಜಿನ ಎಲೆಗಳು) ಜೋಡಿಯಾಗಿ ಅವನಿಗೆ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು; ಫ್ಲಶ್‌ಗಿಂತ ದೊಡ್ಡದು). ಒಂಬತ್ತು ಎಂಟಾಯಿತು. ಟರ್ನ್‌ನಲ್ಲಿ ಒಳ್ಳೆಯ ಹಾರ್ಟ್ಸ್ ಬಂದರೂ ರಿವರ್‌ನಲ್ಲಿ ಬೋರ್ಡ್ ಜೋಡಿಯಾಗಲು ಅವನಿಗೆ 44ರಲ್ಲಿ 10 ಎಲೆ ಉಳಿದಿವೆ, 22.7%. ಎಲ್ಲ ಸೇರಿ ನಿಮ್ಮ ಗೆಲುವು 24.6%.

ಹಾಗಾದರೆ ಯಾವುದನ್ನು ಹಿಡಿಯುವುದು? ಇಲ್ಲಿ ಕೈಗಳನ್ನು ಎಣಿಸುವ ಅಭ್ಯಾಸ ಬೇಕು. ಎರಡು ಎಲೆಗಳ ಕೈಗಳು ಒಟ್ಟು 1,326. ಯಾವುದೇ ಜೋಡಿ 6 ಬಗೆಯಲ್ಲಿ ಬರುತ್ತದೆ, ಎಕ್ಕ-ರಾಜದಂಥ ಬೇರೆ ಬೇರೆ ಅಂಕಿಗಳ ಕೈ 16 ಬಗೆಯಲ್ಲಿ (ಒಂದೇ ಗುರುತಿನವು 4, ಬೇರೆ ಗುರುತಿನವು 12). ನಿಮಗೆ ಕಾಣುವ ಎಲೆಗಳು ಈ ಸಂಖ್ಯೆಗಳನ್ನು ಕತ್ತರಿಸುತ್ತವೆ. ಫ್ಲಾಪ್‌ನಲ್ಲಿ ಒಂದು ರಾಜ ಕಂಡಾಗ ರಾಜ-ರಾಜ ಆರರಿಂದ ಮೂರಕ್ಕೆ ಇಳಿಯುತ್ತದೆ. ಒಂಬತ್ತು, ನಾಲ್ಕುಗಳದೂ ಹಾಗೆಯೇ. ಸೆಟ್‌ಗಳು ಒಟ್ಟು 9. ಎಕ್ಕ-ರಾಜ: ಉಳಿದ ಎಕ್ಕ 3 ಗುಣಿಸು ಉಳಿದ ರಾಜ 3, ಅಂದರೆ 9. ರಾಜ-ರಾಣಿ 3 ಗುಣಿಸು 4, 12. ರಾಜ-ಗುಲಾಮ ಇನ್ನೊಂದು 12. ಇಷ್ಟೇ ಕೈಗಳಲ್ಲಿ ಅವನು ಬೆಟ್ ಕಟ್ಟುತ್ತಾನೆ ಎಂದುಕೊಂಡರೆ 42ರಲ್ಲಿ 9 ಮಾತ್ರ ಸೆಟ್. ಎಲ್ಲದರ ತೂಕ ನೋಡಿ ಸರಾಸರಿ ತೆಗೆದರೆ ನಿಮ್ಮ ಗೆಲುವು 38%ರ ಸುತ್ತಮುತ್ತ. ಸೆಟ್ ಕಂಡರೆ ಹೆದರುವವರು ಈ ಎಣಿಕೆಯನ್ನು ಒಮ್ಮೆ ಕಾಗದದ ಮೇಲೆ ಮಾಡಬೇಕು. ಅವನು ಟಾಪ್ ಪೇರ್‌ಗಳಲ್ಲಿ (ಬೋರ್ಡ್‌ನ ಅತಿ ದೊಡ್ಡ ಎಲೆಯೊಡನೆ ಆದ ಜೋಡಿ, ಇಲ್ಲಿ ರಾಜ) ಬೆಟ್ ಕಟ್ಟದೆ ಚೆಕ್ ಮಾಡುವ ಜಾತಿಯ ಆಟಗಾರನಾದರೆ ಇದೇ ಎಣಿಕೆ ತಲೆಕೆಳಗಾಗುತ್ತದೆ, ಅದನ್ನು ಮೇಜಿನಲ್ಲಿ ಕುಳಿತೇ ಗಮನಿಸಬೇಕು.

ಈ 38 ಕೂಡ ಎರಡೂ ಎಲೆ ನೋಡಿದರೆ ಮಾತ್ರ ಸಿಗುವಂಥದ್ದು ಎಂಬುದು ನೆನಪಿರಲಿ. ಅದನ್ನು ಖಚಿತವಾಗಿ ಪಡೆಯುವ ದಾರಿ ಒಂದೇ: ನೀವೇ ಆಲ್‌ಇನ್ ಆಗುವುದು.

ಎದುರಾಳಿಯ 300ರ ಮೇಲೆ ನೀವು 1,500ಕ್ಕೆ ಆಲ್‌ಇನ್ ರೇಸ್ ಮಾಡಿದಿರಿ (ಇರುವುದೆಲ್ಲ ಹಾಕಿ ಬೆಟ್ ಏರಿಸಿದಿರಿ) ಎನ್ನಿ. ಅವನು ಫೋಲ್ಡ್ ಮಾಡಿದರೆ 900 ನಿಮ್ಮದು. ಕಾಲ್ ಮಾಡಿದರೆ ಪಾಟ್ 3,600. ಅದರಲ್ಲಿ 38% ಎಂದರೆ 1,368, ಹಾಕಿದ್ದು 1,500, ಸರಾಸರಿ ನಷ್ಟ 132. ಸರಿಸಮ ಆಗಲು ಅವನು ಫೋಲ್ಡ್ ಮಾಡಬೇಕಾದದ್ದು 132/1032, ಸುಮಾರು 13% ಮಾತ್ರ. ಆದರೆ ಇಲ್ಲೊಂದು ಮೋಸವಿದೆ. ಅಷ್ಟು ದೊಡ್ಡ ರೇಸ್‌ಗೆ ರಾಜ-ಗುಲಾಮದವನು ಹಿಂದೆ ಸರಿಯುತ್ತಾನೆ, ಸೆಟ್‌ನವನು ಎಲ್ಲಿಗೂ ಹೋಗುವುದಿಲ್ಲ. ಕಾಲ್ ಮಾಡುವ ಕೈಗಳೇ ಗಟ್ಟಿಯಾದವು, ಆದ್ದರಿಂದ ಕಾಲ್ ಆದಾಗ ನಿಮ್ಮ ಗೆಲುವು 38ರಿಂದ 30ರ ಕಡೆಗೆ ಜಾರುತ್ತದೆ. 30% ಹಿಡಿದರೆ ಕಾಲ್ ಆದಾಗಿನ ನಷ್ಟ 420, ಬೇಕಾದ ಫೋಲ್ಡ್ 420/1320, 32%. ರಾಜ-ರಾಣಿ, ರಾಜ-ಗುಲಾಮಗಳ 24 ಕೈಗಳು 42ರಲ್ಲಿ 57%. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಫೋಲ್ಡ್ ಆದರೆ ನಡೆಯುತ್ತದೆ. ಟಾಪ್ ಪೇರ್ ಬಿಡುವ ಅಭ್ಯಾಸವೇ ಇಲ್ಲದವನ ಎದುರು ನಡೆಯುವುದಿಲ್ಲ.

ರಿವರ್‌ನಲ್ಲಿ ಡ್ರಾ ಎಂಬುದೇ ಇರುವುದಿಲ್ಲ, ಹಾಗಾಗಿ ಬ್ಲಫ್ (ಸೋಲುವ ಕೈಯಲ್ಲಿ ಎದುರಾಳಿಯನ್ನು ಹೆದರಿಸುವ ಬೆಟ್) ಲೆಕ್ಕ ಸುಲಭ: ಬೆಟ್ ಭಾಗಿಸು ಪಾಟ್ ಮತ್ತು ಬೆಟ್‌ನ ಮೊತ್ತ. ಅರ್ಧ ಪಾಟ್ ಬ್ಲಫ್ ಮೂರಕ್ಕೆ ಒಂದು ಸಲ, ಪೂರ್ತಿ ಪಾಟ್ ಬ್ಲಫ್ ಎರಡಕ್ಕೆ ಒಂದು ಸಲ ಯಶಸ್ವಿಯಾದರೆ ಸರಿಸಮ.

ಲೆಕ್ಕ ಕೆಡಿಸುವ ಸಣ್ಣಪುಟ್ಟವು

ಮೂರನೆಯವನೊಬ್ಬ ನಿಮಗಿಂತ ಮೊದಲೇ 300 ಕಾಲ್ ಮಾಡಿದ್ದರೆ ನಿಮಗೆ ಬೇಕಾದದ್ದು 300/1500, 20%ಕ್ಕೆ ಇಳಿಯುತ್ತದೆ. ಎಕ್ಕದ ಫ್ಲಶ್ ಡ್ರಾಗೆ ಇದು ಹಬ್ಬ. ನಿಮ್ಮ ಹಿಂದೆ ಇನ್ನೂ ಆಡಬೇಕಾದವರು ಇದ್ದರೆ ಮಾತ್ರ ಹಬ್ಬವಲ್ಲ, ಅವರಲ್ಲೊಬ್ಬ ರೇಸ್ ಮಾಡಿದರೆ ನಿಮ್ಮ 300 ಟರ್ನ್ ನೋಡದೆಯೇ ಹೋಗಬಹುದು. ಕ್ಯಾಸಿನೊಗಳಲ್ಲಿ ಪ್ರತಿ ಪಾಟ್‌ನಿಂದ ರೇಕ್ (ಕ್ಯಾಸಿನೊದ ಪಾಲು) ಕತ್ತರಿಸುತ್ತಾರೆ. 5% ಎಂದರೆ 1,200ರಲ್ಲಿ 60 ಹೋಯಿತು, ಬೇಕಾದದ್ದು 25ರಿಂದ 26.3%ಕ್ಕೆ ಏರಿತು. ಅಂಚಿನಲ್ಲಿರುವ ಕಾಲ್‌ಗಳೆಲ್ಲ ಇದರಲ್ಲೇ ಸಾಯುತ್ತವೆ.

"ಮೂರು ಸಲ ಬರಲಿಲ್ಲ, ಈ ಸಲ ಬಂದೇ ಬರುತ್ತದೆ" ಎನ್ನುವುದಕ್ಕೆ ಉತ್ತರ ಹೇಳುವ ಅಗತ್ಯ ಇಲ್ಲ, ಕಲಸಿದ ಕಟ್ಟಿಗೆ ನೆನಪಿಲ್ಲ. ಅದಕ್ಕಿಂತ ಸೂಕ್ಷ್ಮವಾದ ತಪ್ಪು 80% ಎಂದರೆ ಗೆದ್ದ ಹಾಗೆಯೇ ಎಂದುಕೊಳ್ಳುವುದು. ಜೋಡಿ ಎಕ್ಕ ಹಿಡಿದು ಜೋಡಿ ರಾಜದ ಎದುರು ಆಲ್‌ಇನ್ ಆದರೆ ಗೆಲುವು 82%ರಷ್ಟು. ಐದೂವರೆ ಸಲಕ್ಕೊಮ್ಮೆ ಸೋಲು. 80%ರ ಆಲ್‌ಇನ್ ಐದು ಬಂದರೆ ಐದನ್ನೂ ಗೆಲ್ಲುವ ಸಾಧ್ಯತೆ 33% ಮಾತ್ರ. ಜೋಡಿ ಎಕ್ಕ ಬರುವುದೇ 221 ಕೈಗಳಿಗೊಮ್ಮೆ, ಅದಕ್ಕೇ ಸೋತದ್ದು ಮನಸ್ಸಿನಲ್ಲಿ ಅಷ್ಟು ಉಳಿಯುತ್ತದೆ.

ಅಭ್ಯಾಸ

ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಕಲಿಯುವ ದಾರಿ ಈಗ ಭಾರತದಲ್ಲಿ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸಿದೆ. ಲೆಕ್ಕ ಕಲಿಯಲು ಅದು ಬೇಕಾಗಿಯೂ ಇಲ್ಲ, ಒಂದು ಇಸ್ಪೀಟ್ ಕಟ್ಟು ಸಾಕು.

ಮೇಲಿನ ಎಕ್ಕ-ಏಳು ಮತ್ತು ಫ್ಲಾಪ್‌ನ ಮೂರು ಎಲೆಗಳನ್ನು ತೆಗೆದು ಮೇಜಿನ ಮೇಲಿಡಿ. ಉಳಿದ 47ನ್ನು ಚೆನ್ನಾಗಿ ಕಲಸಿ, ಮೇಲಿನ ಎರಡು ಎಲೆ ತಿರುವಿ. ಹಾಳೆಯಲ್ಲಿ ಎರಡು ಕಾಲಂ: ಟರ್ನ್‌ನಲ್ಲೇ ಹಾರ್ಟ್ಸ್ ಬಂತೇ, ಎರಡರಲ್ಲಿ ಒಂದರಲ್ಲಾದರೂ ಬಂತೇ. ಎರಡನ್ನೂ ವಾಪಸ್ಸು ಸೇರಿಸಿ, ಮತ್ತೆ ಕಲಸಿ. 50 ಸಲ ಮಾಡಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಮೊದಲ ಕಾಲಂನಲ್ಲಿ ಒಂಬತ್ತೋ ಹತ್ತೋ, ಎರಡನೆಯದರಲ್ಲಿ 17 ಅಥವಾ 18 ಟಿಕ್ ಬರಬೇಕೆಂದು ಸೂತ್ರ ಹೇಳುತ್ತದೆ. 13 ಬಂದರೂ 22 ಬಂದರೂ ಸೂತ್ರ ಸುಳ್ಳಾಗಲಿಲ್ಲ: 50 ಸಲದ ಎಣಿಕೆಯಲ್ಲಿ ಎರಡನೇ ಕಾಲಂ 11ರಿಂದ 24ರ ತನಕ ಅಲೆದಾಡುವುದು ತೀರಾ ಸಹಜ. 200 ಸಲ ಮಾಡಿದರೆ ಶೇಕಡಾವಾರು ಅಲೆದಾಟ ಅದರ ಅರ್ಧಕ್ಕೆ ಇಳಿಯುತ್ತದೆ.

ಎರಡನೇ ಸುತ್ತಿನಲ್ಲಿ ಕಟ್ಟಿನಿಂದ ಸ್ಪೇಡ್ಸ್ ಒಂಬತ್ತು ಮತ್ತು ಡೈಮಂಡ್ ಒಂಬತ್ತನ್ನು ತೆಗೆದು ಎದುರಾಳಿಯ ಕೈಯಾಗಿ ಇಡಿ, ಉಳಿದ 45ರಿಂದ ಅದೇ ಆಟ ಆಡಿ. ಈ ಸಲ ಫ್ಲಶ್ ಬಂತೇ ಎನ್ನುವುದಕ್ಕೊಂದು ಕಾಲಂ, ಗೆದ್ದಿರೇ ಎನ್ನುವುದಕ್ಕೆ ಇನ್ನೊಂದು. ಎರಡು ಕಾಲಂಗಳ ನಡುವಿನ ಅಂತರ ಬೋರ್ಡ್ ಜೋಡಿಯಾದ ಎಲೆಗಳದ್ದು.